ಶೇ. 75 ಹಾಜರಿ ಮತ್ತು ಮನೆಯಲ್ಲಾದ ಸಾವು

ಎಂಬಿಬಿಎಸ್ ಓದುತ್ತಿರುವ ಹುಡುಗಿಯೊಬ್ಬಳ ತಾಯಿ ತೀರಿಕೊಂಡರೆ ಅವಳಿಗೆ ಎಷ್ಟು ದಿನ ರಜೆ? ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಹೊರಡಿಸಿದ ಪದವಿ ವೈದ್ಯಕೀಯ ಶಿಕ್ಷಣದ ನಿಯಮಾವಳಿಯನ್ನು ಹಿಡಿದು ಕೂತರೆ ಇದಕ್ಕೆ ನೇರ ಉತ್ತರ ಸಿಗುವುದಿಲ್ಲ. ಸಿಗುವುದು ಬೇರೆ ಲೆಕ್ಕಗಳು. ಥಿಯರಿಗೆ ಶೇ. 75, ಪ್ರಾಕ್ಟಿಕಲ್ ಮತ್ತು ಕ್ಲಿನಿಕಲ್‌ಗೆ ಶೇ. 80 ಹಾಜರಿ ಇಲ್ಲದವರು ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವಂತಿಲ್ಲ. ಮೊದಲ ವರ್ಷ ಪಾಸಾಗಲು ನಾಲ್ಕೇ ಅವಕಾಶ. ಸೇರಿದ ದಿನದಿಂದ 9 ವರ್ಷ ದಾಟಿದರೆ ಮುಂದೆ ಓದುವಂತೆಯೇ ಇಲ್ಲ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಹದಿನೆಂಟರಿಂದ ಇಪ್ಪತ್ತನಾಲ್ಕರವರೆಗಿನ ಈ ವಯಸ್ಸಿನಲ್ಲಿ ಅಜ್ಜ ಅಜ್ಜಿ ಹೋಗುತ್ತಾರೆ, ಎಷ್ಟೋ ಮನೆಗಳಲ್ಲಿ ಅಪ್ಪನೋ ಅಮ್ಮನೋ ಹೋಗುತ್ತಾರೆ. ಅನೇಕ ಮನೋರೋಗಗಳು ಮೊದಲ ಬಾರಿ ತಲೆಯೆತ್ತುವುದೂ ಇದೇ ವಯಸ್ಸಿನಲ್ಲಿ. ನಿಯಮ ಬರೆದವರು ವೈದ್ಯರು. ಅವರಿಗಿಂತ ಚೆನ್ನಾಗಿ ಇದನ್ನು ಬಲ್ಲವರು ಬೇರೆ ಯಾರೂ ಇಲ್ಲ.

ಒಂದು ರಜೆಯ ಪದ್ಧತಿಯನ್ನು ಕೃತಿಯೊಂದನ್ನು ಓದುವಷ್ಟೇ ಎಚ್ಚರದಿಂದ ಓದಬೇಕು ಎನ್ನುವುದು ನನ್ನ ನಂಬಿಕೆ. ಯಾವ ಸಂಕಟ ನಿಜ, ಯಾವುದು ನೆಪ, ಯಾರ ಮಾತನ್ನು ನಂಬಬೇಕು, ಯಾರಿಂದ ಪುರಾವೆ ಕೇಳಬೇಕು ಎಂಬ ಸಂಸ್ಥೆಯ ತೀರ್ಮಾನಗಳೆಲ್ಲ ರಜೆ ಅರ್ಜಿಯ ಒಂದು ಹಾಳೆಯಲ್ಲಿ ಬಯಲಾಗುತ್ತವೆ. ಹಾಗೆ ಓದಿದಾಗ ನನಗೆ ಕಾಣುವ ದೊಡ್ಡ ದೋಷ ಇದು: ನಮ್ಮ ವೈದ್ಯಕೀಯ ಕಾಲೇಜುಗಳಿಗೆ ಎರಡೇ ಸ್ಥಿತಿ ಗೊತ್ತು, ಪೂರ್ತಿ ಹಾಜರು ಅಥವಾ ಒಂದು ವರ್ಷ ಹಿಂದೆ. ದುಃಖದಲ್ಲಿರುವವರು ಬದುಕುವುದು ಈ ಎರಡರ ನಡುವೆ. ಆ ನಡುವಿನ ಜಾಗ ನಿಯಮದಲ್ಲಿ ಇಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ವಿಷಯದ ಕ್ಲಿನಿಕಲ್ ಪೋಸ್ಟಿಂಗ್ ನಾಲ್ಕು ವಾರ ಎಂದಿಟ್ಟುಕೊಳ್ಳಿ. ವಾರಕ್ಕೆ ಆರು ದಿನದಂತೆ 24 ದಿನ. ಶೇ. 80 ಬೇಕೆಂದರೆ ತಪ್ಪಿಸಬಹುದಾದದ್ದು ನಾಲ್ಕು ದಿನ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಸಾವಿನ ಕಾರ್ಯ ಹನ್ನೊಂದನೇ ದಿನಕ್ಕೋ ಹದಿಮೂರನೇ ದಿನಕ್ಕೋ ಮುಗಿಯುತ್ತದೆ. ಕರ್ಮ ಮಾಡುವವನು ಹಿರಿ ಮಗನಾದರೆ ಅಷ್ಟೂ ದಿನ ಅವನು ಮನೆ ಬಿಡುವಂತಿಲ್ಲ. ಸೂತಕವನ್ನೇ ಒಪ್ಪದ ಲಿಂಗಾಯತ ಮನೆಗಳಲ್ಲೂ ಗಣಾರಾಧನೆಗೆ ನೆಂಟರಿಷ್ಟರು ಸೇರುತ್ತಾರೆ. ಮುಸ್ಲಿಂ ಮನೆಗಳಲ್ಲಿ ನಲವತ್ತನೇ ದಿನದವರೆಗೂ ಬಂದುಹೋಗುವವರ ಸಾಲು ಇರುತ್ತದೆ. ಹದಿಮೂರು ದಿನಕ್ಕೆ ಮರಳಿ ಬಂದವನು ಹನ್ನೊಂದು ಕೆಲಸದ ದಿನಗಳನ್ನು ಕಳೆದುಕೊಂಡಿರುತ್ತಾನೆ. ಆ ಪೋಸ್ಟಿಂಗ್‌ನಲ್ಲಿ ಅವನ ಹಾಜರಿ ಶೇ. 54ಕ್ಕೆ ಬಿದ್ದಿರುತ್ತದೆ. ಊರಿನವರು, ನೆಂಟರು, ಪುರೋಹಿತರು, ಜಂಗಮರು, ಮೌಲ್ವಿಗಳು ಎಲ್ಲರೂ ಒಪ್ಪಿಕೊಂಡ ಒಂದು ಅವಧಿಯನ್ನು ಡಿಪಾರ್ಟ್‌ಮೆಂಟಿನ ಹಾಜರಿ ಪುಸ್ತಕ ಮಾತ್ರ ಒಪ್ಪುವುದಿಲ್ಲ.

ಹಾಗಾದರೆ ಕಾಲೇಜುಗಳಲ್ಲಿ ನಡೆಯುವುದೇನು? ನಡೆಯುವುದು ಯಾರದೋ ಒಬ್ಬರ ದಯೆ. ಒಳ್ಳೆಯ ಎಚ್‌ಓಡಿ ಇದ್ದರೆ, ‘ಹೋಗಿ ಬಾರಪ್ಪ, ಆಮೇಲೆ ಎಕ್ಸ್‌ಟ್ರಾ ಪೋಸ್ಟಿಂಗ್ ಮಾಡಿಸೋಣ’ ಅನ್ನುತ್ತಾರೆ. ಇಲ್ಲದಿದ್ದರೆ ವಿದ್ಯಾರ್ಥಿ ಪರಿಚಯದ ಡಾಕ್ಟರೊಬ್ಬರಿಂದ ಕಾಮಾಲೆಯದೋ ಟೈಫಾಯ್ಡಿನದೋ ಮೆಡಿಕಲ್ ಸರ್ಟಿಫಿಕೇಟ್ ತರುತ್ತಾನೆ. ಕಾಯಿಲೆಗೆ ರಜೆ ಉಂಟು, ಸಾವಿಗೆ ಇಲ್ಲ ಅಂತ ಹಾಸ್ಟೆಲಿನ ಸೀನಿಯರುಗಳು ಮೊದಲೇ ಹೇಳಿಕೊಟ್ಟಿರುತ್ತಾರೆ. ಮುಂದೆ ಸಾವಿನ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದ ಕೈಗೆ ಮೊದಲ ಸುಳ್ಳು ದಾಖಲೆಯನ್ನು ಹಿಡಿಸುವುದು ನಮ್ಮದೇ ನಿಯಮ. ಇದಕ್ಕೆ ನನ್ನ ಆಕ್ಷೇಪ ನೈತಿಕ ಮಾತ್ರವಲ್ಲ. ಟೈಫಾಯ್ಡ್ ಎಂದು ಬರೆದುಕೊಟ್ಟವನು ವಾಪಸ್ ಬಂದಾಗ ಅವನನ್ನು ಯಾರೂ ಮಾತಾಡಿಸುವುದಿಲ್ಲ, ಹೇಗಿದ್ದೀಯ ಎನ್ನುವುದಿಲ್ಲ. ದಾಖಲೆಯ ಪ್ರಕಾರ ಅವನ ಮನೆಯಲ್ಲಿ ಏನೂ ಆಗಿಲ್ಲ.

ವೈದ್ಯಕೀಯ ವಿದ್ಯಾರ್ಥಿಯ ದುಃಖಕ್ಕೆ ಉಳಿದವರ ದುಃಖಕ್ಕಿಲ್ಲದ ಒಂದು ಮೊನೆ ಇದೆ. ರಜೆಯ ಚರ್ಚೆಯಲ್ಲಿ ಅದರ ಪ್ರಸ್ತಾಪವೇ ಬರುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಮನೆಯವರ ಪಾಲಿಗೆ ಎರಡನೇ ವರ್ಷದ ಹುಡುಗನೂ ಡಾಕ್ಟರೇ. ಅಪ್ಪನಿಗೆ ರಾತ್ರಿ ಎದೆ ಉರಿ ಎಂದಾಗ ಮೊದಲ ಫೋನು ಅವನಿಗೆ ಬರುತ್ತದೆ. ಅವನಿಗೆ ಗೊತ್ತಿರುವುದು ಪುಸ್ತಕದ ಅರ್ಧ ಪುಟ. ‘ಗ್ಯಾಸ್ಟ್ರಿಕ್ ಇರಬೇಕಮ್ಮ, ಬೆಳಿಗ್ಗೆ ತೋರಿಸಿ’ ಎಂದಿರುತ್ತಾನೆ. ಬೆಳಿಗ್ಗೆ ಆಗುವುದಿಲ್ಲ. ಮುಂದಿನ ವರ್ಷ ಮೆಡಿಸಿನ್ ಪೋಸ್ಟಿಂಗ್‌ನಲ್ಲಿ, ಎದೆ ಉರಿ ಎಂದು ಬಂದ ರೋಗಿಯ ಇಸಿಜಿಯನ್ನು ಪ್ರೊಫೆಸರು ಅವನ ಕೈಗೆ ಕೊಟ್ಟು ಓದು ಎನ್ನುತ್ತಾರೆ. ಅವನು ಓದುತ್ತಾನೆ, ಸರಿಯಾಗಿಯೇ ಓದುತ್ತಾನೆ. ಆ ಹೊತ್ತಿನಲ್ಲಿ ಅವನೊಳಗೆ ಏನು ನಡೆಯಿತು ಎಂದು ತಿಳಿಯುವ ವ್ಯವಸ್ಥೆ ಇಡೀ ಕಾಲೇಜಿನಲ್ಲಿ ಇಲ್ಲ.

ಉಳಿದ ಕೋರ್ಸುಗಳಲ್ಲಿ ಮನೆಯಲ್ಲಾದ ಸಾವನ್ನು ಮರೆಯಲು ಓದು ನೆರವಾಗುತ್ತದೆ. ಗಣಿತ ಓದುವವಳಿಗೆ ಸಮೀಕರಣದೊಳಗೆ ತಲೆಹಾಕಿ ಎರಡು ಗಂಟೆ ಕಳೆಯಲು ಬರುತ್ತದೆ. ಇಲ್ಲಿ ಓದೇ ಸಾವಿನ ಬಳಿಗೆ ಕರೆದೊಯ್ಯುತ್ತದೆ. ಮೊದಲ ವರ್ಷ ಡಿಸೆಕ್ಷನ್ ಹಾಲ್. ಪೆಥಾಲಜಿಯಲ್ಲಿ ಅಮ್ಮನಿಗೆ ಬಂದ ಅದೇ ಗಡ್ಡೆಯ ಸ್ಲೈಡು, ಅದರ ಹಂತಗಳು, ಐದು ವರ್ಷ ಬದುಕುಳಿಯುವವರ ಶೇಕಡಾವಾರು. ಫೊರೆನ್ಸಿಕ್‌ನಲ್ಲಿ ಮರಣೋತ್ತರ ಪರೀಕ್ಷೆ. ಪಾಠ ಮಾಡುವವರಿಗೆ ಅದು ಸೋಮವಾರದ ಹತ್ತು ಗಂಟೆಯ ಕ್ಲಾಸು. ಮುಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆಯುತ್ತಿರುವವಳಿಗೆ ತನ್ನ ತಾಯಿಗೆ ಎಷ್ಟು ತಿಂಗಳು ಉಳಿದಿತ್ತು, ಅದು ಡಾಕ್ಟರುಗಳಿಗೆ ಎಂದಿನಿಂದ ಗೊತ್ತಿತ್ತು ಎಂಬುದು ಆಗ ತಿಳಿಯುತ್ತದೆ. ಈ ತಿಳಿವಳಿಕೆ ಹದಿಮೂರು ದಿನದ ರಜೆಯಲ್ಲಿ ಬರುವುದಿಲ್ಲ. ಪಠ್ಯಕ್ರಮದ ವೇಳಾಪಟ್ಟಿಗೆ ತಕ್ಕಂತೆ, ಒಂದು ವರ್ಷವೋ ಎರಡು ವರ್ಷವೋ ಆದ ಮೇಲೆ, ಎಲ್ಲರೂ ‘ಅವಳು ಸುಧಾರಿಸಿಕೊಂಡಿದ್ದಾಳೆ’ ಎಂದುಕೊಂಡಾಗ ಬರುತ್ತದೆ.

2019ರ ಬ್ಯಾಚಿನಿಂದ ಎಂಬಿಬಿಎಸ್‌ಗೆ ಮನೋಭಾವ, ನೀತಿ ಮತ್ತು ಸಂವಹನವನ್ನು ಕಲಿಸುವ ಏಟ್‌ಕಾಮ್ ಎಂಬ ಭಾಗ ಸೇರಿದೆ. ಒಳ್ಳೆಯ ಕೆಲಸ, ಅದನ್ನು ಮನಸಾರೆ ಮೆಚ್ಚುತ್ತೇನೆ. ಶವವನ್ನು ಮೊದಲ ಗುರುವೆಂದು ಕಾಣುವ ಪಾಠ ಅದರಲ್ಲಿದೆ, ರೋಗಿಯ ಸಾವನ್ನು ಎದುರಿಸುವ ಪಾಠವೂ ಇದೆ. ಕೆಟ್ಟ ಸುದ್ದಿಯನ್ನು ಮನೆಯವರಿಗೆ ಹೇಗೆ ಹೇಳಬೇಕೆಂದು ವಿದ್ಯಾರ್ಥಿಗಳು ಅಭಿನಯಿಸಿ ಕಲಿಯುತ್ತಾರೆ. ಕೊರತೆ ಇರುವುದು ಒಂದೇ ಕಡೆ. ಅಲ್ಲಿ ವಿದ್ಯಾರ್ಥಿ ಸುದ್ದಿ ಹೇಳುವವನು. ಆರು ತಿಂಗಳ ಹಿಂದೆ ಅದೇ ಸುದ್ದಿಯನ್ನು ಐಸಿಯುವಿನ ಹೊರಗೆ ನಿಂತು ಕೇಳಿದವನೂ ಆ ತರಗತಿಯಲ್ಲಿ ಇರಬಹುದೆಂದು ಪಾಠ ಎಣಿಸಿಲ್ಲ. ‘ಈ ಪಾಠದಿಂದ ಹೊರಗುಳಿಯಬೇಕೆನಿಸಿದವರು ಮೊದಲೇ ತಿಳಿಸಿ, ಬೇರೆ ದಿನ ಮಾಡೋಣ’ ಎಂಬ ಒಂದು ಸಾಲಿನ ಅನುಮತಿ ಅಲ್ಲಿ ಇದ್ದರೆ ಸಾಕಾಗಿತ್ತು. ಅದಕ್ಕೆ ಹಣ ಬೇಡ, ಸಿಬ್ಬಂದಿ ಬೇಡ.

ಇನ್ನು ದುಃಖ ಮತ್ತು ಮನೋರೋಗಗಳನ್ನು ಒಂದೇ ಅರ್ಜಿಯಲ್ಲಿ ಕಟ್ಟುವ ವಿಚಾರ. ಇವೆರಡೂ ಬೇರೆ. ಇವನ್ನು ಒಂದೆಂದು ಭಾವಿಸುವುದರಿಂದ ಎರಡು ಬಗೆಯ ವಿದ್ಯಾರ್ಥಿಗಳಿಗೂ ಅನ್ಯಾಯವಾಗುತ್ತದೆ. ಅಪ್ಪ ಸತ್ತ ಮೇಲೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಓದಿದ್ದು ತಲೆಗೆ ಹತ್ತದಿರುವುದು ರೋಗವಲ್ಲ. ಅದಕ್ಕೆ ಮನೋವೈದ್ಯರ ಚೀಟಿ ಕೇಳುವುದು ತಪ್ಪು. ದೀರ್ಘಕಾಲ ಬಿಡದೆ ಬಾಧಿಸುವ ದುಃಖವನ್ನು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಈಗ ಒಂದು ತೊಂದರೆಯೆಂದು ಗುರುತಿಸುತ್ತದೆ, ಆದರೆ ಕನಿಷ್ಠ ಆರು ತಿಂಗಳು ಕಳೆದ ಮೇಲೆ, ಅದೂ ಆಯಾ ಸಮಾಜದ ರೂಢಿಯನ್ನು ಗಮನದಲ್ಲಿಟ್ಟು. ಅಮೆರಿಕದ ಮನೋವೈದ್ಯರ ಕೈಪಿಡಿ 2022ರ ಪರಿಷ್ಕರಣೆಯಲ್ಲಿ ವಯಸ್ಕರಿಗೆ ಹನ್ನೆರಡು ತಿಂಗಳು ಎಂದಿದೆ. ಅಷ್ಟು ಕಾಲ ಕಾಯಬೇಕೆಂದು ಶಾಸ್ತ್ರವೇ ಹೇಳುವಾಗ ಮೂರನೇ ವಾರಕ್ಕೆ ರೋಗನಿರ್ಣಯದ ಕಾಗದ ಕೇಳುವ ಕಚೇರಿ ಯಾವ ಶಾಸ್ತ್ರ ಓದಿದೆ?

ಇನ್ನೊಂದು ಕಡೆ, ಕಾಲೇಜಿನ ಆಪ್ತಸಮಾಲೋಚಕರ ಕೋಣೆಯಲ್ಲಿ ಇಂದಿಗೂ ದುಃಖದ ಐದು ಹಂತಗಳ ಪಟ್ಟಿ ಗೋಡೆಗೆ ಅಂಟಿರುತ್ತದೆ. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರ ತಮ್ಮ ಪುಸ್ತಕದಲ್ಲಿ ಅದನ್ನು ಬರೆದದ್ದು ಸಾಯುತ್ತಿರುವ ರೋಗಿಗಳ ಜೊತೆ ಮಾತಾಡಿ. ಸತ್ತವರ ಹಿಂದೆ ಉಳಿದವರ ಮೇಲೆ ಅದನ್ನು ವೇಳಾಪಟ್ಟಿಯಂತೆ ಹೇರಿದ್ದು ಆಮೇಲೆ. ಈ ಪಟ್ಟಿ ನಂಬಿದ ಕಾಲೇಜು, ವಿದ್ಯಾರ್ಥಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಕೊನೆಯ ಹಂತ ಮುಟ್ಟಿ ವಾಪಸ್ ಬರುತ್ತಾನೆಂದು ಕಾಯುತ್ತದೆ. ನನಗೆ ಹೆಚ್ಚು ನಿಜವೆನಿಸುವುದು ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿವರಣೆ. ಅವರ ಪ್ರಕಾರ ದುಃಖಿಸುವವರು ಕಳೆದುಕೊಂಡದ್ದರ ಕಡೆಗೂ ಮುಂದಿನ ಬದುಕಿನ ಕೆಲಸಗಳ ಕಡೆಗೂ ಮತ್ತೆ ಮತ್ತೆ ಹೋಗಿ ಬರುತ್ತಿರುತ್ತಾರೆ. ಒಂದು ದಿನ ಅಳು, ಮರುದಿನ ಬ್ಯಾಂಕಿನ ಕೆಲಸ, ಸಂಜೆ ಮತ್ತೆ ಅಳು. ಹೀಗೆ ಓಲಾಡುವುದೇ ಆರೋಗ್ಯದ ಲಕ್ಷಣ. ನಮ್ಮ ಊರುಗಳ ಪದ್ಧತಿಗೂ ಇದು ಗೊತ್ತಿದ್ದಂತಿದೆ. ಮಾಸಿಕ, ವರ್ಷಾಂತಿಕ, ವರ್ಷವಿಡೀ ಹಬ್ಬವಿಲ್ಲ, ಆದರೆ ಹೊಲದ ಕೆಲಸ ನಿಲ್ಲುವುದಿಲ್ಲ. ಇದನ್ನು ಒಪ್ಪಿದರೆ ರಜೆಯ ಆಕಾರವೇ ಬದಲಾಗಬೇಕು. ಬೇಕಾದದ್ದು ಒಂದೇ ಉದ್ದನೆಯ ರಜೆಯಲ್ಲ. ಮೊದಲ ಎರಡು ವಾರ ಪೂರ್ತಿ ರಜೆ, ಆಮೇಲೆ ಕೆಲವು ತಿಂಗಳು ಕಡಿಮೆ ಭಾರ: ರಾತ್ರಿ ಡ್ಯೂಟಿ ಇಲ್ಲ, ತನಗೆ ಕಷ್ಟವಾಗುವ ಒಂದು ವಾರ್ಡಿನ ಪೋಸ್ಟಿಂಗ್ ಮುಂದಕ್ಕೆ, ಮೊದಲ ತಿಥಿಗೆ ಮತ್ತೆ ಕೆಲವು ದಿನ.

ಖಿನ್ನತೆ, ಆತಂಕ, ಬೈಪೋಲಾರ್, ಆತ್ಮಹತ್ಯೆಯ ಯೋಚನೆಗಳ ಮಾತು ಬೇರೆ. ಇಲ್ಲಿ ಚಿಕಿತ್ಸೆ ಬೇಕು, ರಜೆ ಆ ಚಿಕಿತ್ಸೆಯ ಒಂದು ಭಾಗ. 2016ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಬಂದ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಶೇ. 27.2 ಜನರಿಗೆ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು. ಲಕ್ಷಣಗಳಿದ್ದವರಲ್ಲಿ ಚಿಕಿತ್ಸೆ ಪಡೆದವರು ಶೇ. 15.7 ಮಾತ್ರ. ಆಸ್ಪತ್ರೆಯೊಳಗೇ ಹಗಲಿಡೀ ಇರುವವರು ಆಸ್ಪತ್ರೆಗೆ ಹೋಗದಿರುವುದೇಕೆ?

ನಮ್ಮಲ್ಲಿ ಇದಕ್ಕೊಂದು ಕಾರಣ ಕಟ್ಟಡದಲ್ಲೇ ಇದೆ. ಕಾಲೇಜಿನ ಸೈಕಿಯಾಟ್ರಿ ಓಪಿಡಿಯಲ್ಲಿ ಕೂತಿರುವ ಡಾಕ್ಟರು ನಾಳೆ ಚಿಕಿತ್ಸೆಗೆ ಬಂದ ವಿದ್ಯಾರ್ಥಿನಿಗೆ ಪಾಠ ಮಾಡುವವರು, ನಾಡಿದ್ದು ಇಂಟರ್ನಲ್ಸ್‌ಗೆ ಅಂಕ ಹಾಕುವವರು. ಹೊರಗೆ ರೋಗಿಗಳ ಹೆಸರು ಕೂಗುತ್ತಿರುವ ಇಂಟರ್ನ್ ಹಾಸ್ಟೆಲಿನಲ್ಲಿ ಅವಳ ಪಕ್ಕದ ರೂಮಿನವಳು. ಅದೇ ಯೂನಿಟ್ಟಿನಲ್ಲಿ ಕೇಸ್ ತೆಗೆದುಕೊಳ್ಳುತ್ತಿರುವುದು ಅವಳದೇ ಬ್ಯಾಚು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಹೆಸರು ಹೊಡೆದರೆ ಓಪಿ ನಂಬರು, ಬರೆದುಕೊಟ್ಟ ಮಾತ್ರೆ ಎಲ್ಲ ಕಾಣುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಸಾರಿದೆ. ತನ್ನ ವಿದ್ಯಾರ್ಥಿಗಳ ಮಟ್ಟಿಗೆ ಆ ಹಕ್ಕನ್ನು ಕಾಪಾಡಲು ಕಾಲೇಜು ಆಸ್ಪತ್ರೆಯ ರಚನೆಯೇ ಬಿಡುವುದಿಲ್ಲ. ಮದುವೆಯ ಮಾತುಕತೆವರೆಗೂ ಹರಿದಾಡುವ ಸುದ್ದಿ ಇದು ಎಂದು ಗೊತ್ತಿರುವ ಹುಡುಗಿ ಊರಿನ ಮೆಡಿಕಲ್ ಶಾಪಿನಲ್ಲಿ ನಿದ್ದೆಮಾತ್ರೆ ಕೇಳುತ್ತಾಳೆ, ಓಪಿಡಿಗೆ ಹೋಗುವುದಿಲ್ಲ.

ಕರ್ನಾಟಕಕ್ಕೆ ಇದು ಹೆಚ್ಚು ನೋವಿನ ವಿಷಯವಾಗಬೇಕು. ಮಾನಸಿಕ ಆರೋಗ್ಯ ಸೇವೆಯನ್ನು ದೊಡ್ಡ ಆಸ್ಪತ್ರೆಯಿಂದ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟದ್ದು ಬಳ್ಳಾರಿ ಜಿಲ್ಲೆಯಲ್ಲಿ. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರ ಕೇಂದ್ರಸ್ಥಾನವೂ ನಿಮ್ಹಾನ್ಸೇ, ತಂತ್ರಜ್ಞಾನದ ಬೆಂಬಲ ಬೆಂಗಳೂರಿನ ಐಐಐಟಿಯದು. ಹಳ್ಳಿಯ ರೈತನಿಗೆ ಗುರುತು ಬಿಟ್ಟುಕೊಡದೆ ಕನ್ನಡದಲ್ಲೇ ಮಾತಾಡುವ ಅವಕಾಶ ಮಾಡಿಕೊಟ್ಟ ನಾಡು ಇದು. ಒಂದು ಕಾಲೇಜಿನ ವಿದ್ಯಾರ್ಥಿಗಳು ನೆರೆಯ ಜಿಲ್ಲೆಯ ಇನ್ನೊಂದು ಕಾಲೇಜಿನಲ್ಲಿ ಚಿಕಿತ್ಸೆ ಪಡೆಯಲಿ ಎಂಬ ಸರಳ ಒಪ್ಪಂದಕ್ಕೆ ಏನು ಅಡ್ಡಿ? ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲೇ ಇಷ್ಟೊಂದು ಕಾಲೇಜುಗಳಿರುವಾಗ ಇದು ಸಾಧ್ಯವಾಗುವ ಕೆಲಸ. ಪರೀಕ್ಷಕರನ್ನು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಕಳಿಸುವುದು ಬರುತ್ತದಲ್ಲ.

ಈ ವಿಷಯದ ಮೇಲೆ ನಮ್ಮ ಮುಂದಿರುವ ಮುಖ್ಯ ದಾಖಲೆಯೆಂದರೆ ವೈದ್ಯಕೀಯ ಆಯೋಗದ ರಾಷ್ಟ್ರೀಯ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿ. ಅಧ್ಯಕ್ಷರು ನಿಮ್ಹಾನ್ಸಿನ ಮನೋವೈದ್ಯ ಡಾ. ಸುರೇಶ್ ಬಡಾ ಮಠ. 25,590 ಪದವಿ ವಿದ್ಯಾರ್ಥಿಗಳು, 5,337 ಸ್ನಾತಕೋತ್ತರ ವಿದ್ಯಾರ್ಥಿಗಳು, 7,035 ಬೋಧಕರು ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದರು. ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಎಂದವರು ಪದವಿಯಲ್ಲಿ ಶೇ. 27.8, ಪಿಜಿಯಲ್ಲಿ ಶೇ. 15.3. ಆತ್ಮಹತ್ಯೆಯ ಯೋಚನೆ ಬಂದಿತ್ತು ಎಂದವರು ಪದವಿಯಲ್ಲಿ ಶೇ. 16.2, ಪಿಜಿಯಲ್ಲಿ ಶೇ. 31.2. ಇಷ್ಟಬಂದವರು ತುಂಬುವ ಆನ್‌ಲೈನ್ ಅರ್ಜಿಯಲ್ಲಿ ಸಂಕಟದಲ್ಲಿರುವವರು ಹೆಚ್ಚಾಗಿ ಉತ್ತರಿಸಿರಬಹುದು, ಹಾಗಾಗಿ ಈ ಅಂಕಿಗಳನ್ನು ಇಡೀ ದೇಶದ ಪ್ರಮಾಣವೆಂದು ಹಿಡಿಯಬಾರದು. ಆದರೂ ಪಿಜಿಯ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತೊಂದರೆ ಇದೆ ಎಂದು ಹೆಸರಿಟ್ಟು ಹೇಳಿದವರಿಗಿಂತ ಸಾಯುವ ಯೋಚನೆ ಬಂದವರು ಎರಡು ಪಟ್ಟು. ತಮಗೇನಾಗಿದೆ ಎಂದು ತೋರಿಸಿಕೊಳ್ಳಲೂ ಬಿಡುವಿಲ್ಲದ ಜನ ಅಲ್ಲಿದ್ದಾರೆ. ಅದೇ ವರ್ಷ ಮಾಹಿತಿ ಹಕ್ಕಿನಡಿ ಆಯೋಗ ಕೊಟ್ಟ ಉತ್ತರದ ಪ್ರಕಾರ ಐದು ವರ್ಷಗಳಲ್ಲಿ 64 ಎಂಬಿಬಿಎಸ್ ಮತ್ತು 58 ಪಿಜಿ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದರು. ಕೋರ್ಸ್ ಬಿಟ್ಟವರು 1,270 ಮಂದಿ, ಅವರಲ್ಲಿ 1,117 ಮಂದಿ ಪಿಜಿಗಳು. ಇಷ್ಟು ಕಷ್ಟಪಟ್ಟು ಗಿಟ್ಟಿಸಿದ ಸೀಟನ್ನು ಬಿಟ್ಟು ಹೋದವರಲ್ಲಿ ಎಷ್ಟು ಜನರಿಗೆ ಮೂರು ತಿಂಗಳ ರಜೆ ಸಾಕಾಗುತ್ತಿತ್ತೋ ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಕಾರ್ಯಪಡೆ ಹೇಳಿದ ಪರಿಹಾರಗಳಲ್ಲಿ ಹೆಚ್ಚು ಪ್ರಚಾರ ಸಿಕ್ಕಿದ್ದು ವಾರಕ್ಕೆ 74 ಗಂಟೆಯ ಮಿತಿಗೆ: ಒಂದು 24 ಗಂಟೆಯ ಡ್ಯೂಟಿ, ಹತ್ತು ಗಂಟೆಯ ಐದು ದಿನ, ಒಂದು ದಿನ ರಜೆ. 1992ರ ಕೇಂದ್ರ ರೆಸಿಡೆನ್ಸಿ ಯೋಜನೆಯಲ್ಲಿ ಹೇಳಿದ್ದು ವಾರಕ್ಕೆ 48 ಗಂಟೆ ಎಂಬುದನ್ನು ನೆನೆದರೆ ಇದು ಹಿಂದೆ ಹೋದ ಹೆಜ್ಜೆ. ಕಾಗದದ ಮೇಲಿದ್ದ 48 ಎಲ್ಲೂ ಜಾರಿಗೆ ಬಾರದ ಕಾರಣ, ಜಾರಿಗೆ ಬರಬಹುದಾದ 74 ಎಂದು ಕಾರ್ಯಪಡೆ ಎಣಿಸಿರಬಹುದು. ಆ ಪ್ರಾಮಾಣಿಕತೆಯನ್ನು ಗೌರವಿಸುತ್ತೇನೆ. ನನ್ನ ತಕರಾರು ಬೇರೆ. ವರದಿಗೆ ದಣಿವು ಚೆನ್ನಾಗಿ ಅರ್ಥವಾಗಿದೆ. ನಿದ್ದೆ, ಗಂಟೆ, ಸ್ಟೈಪೆಂಡ್, ಬಾಂಡ್, ರ‍್ಯಾಗಿಂಗ್ ಎಲ್ಲದರ ಬಗ್ಗೆ ಅದು ವಿಸ್ತಾರವಾಗಿ ಮಾತಾಡುತ್ತದೆ. ಮನೆಯಲ್ಲಿ ಸಾವಾದವರ ಬಗ್ಗೆ ಆ ವಿಸ್ತಾರ ಇಲ್ಲ.

ಪಿಜಿ ನಿಯಮಾವಳಿಯಲ್ಲಿ ಒಂದು ಒಳ್ಳೆಯ ಮಾತು ಆಗಲೇ ಇದೆ. 2023ರ ಆ ನಿಯಮದಂತೆ ವರ್ಷಕ್ಕೆ ಕನಿಷ್ಠ 20 ದಿನ ವೇತನಸಹಿತ ರಜೆ, 5 ದಿನ ಶೈಕ್ಷಣಿಕ ರಜೆ. ಅದಕ್ಕಿಂತ ಹೆಚ್ಚು ರಜೆ ಹಾಕಿದರೆ ಎಷ್ಟು ದಿನ ಹೆಚ್ಚೋ ಅಷ್ಟೇ ದಿನ ಅವಧಿ ಮುಂದಕ್ಕೆ ಹೋಗುತ್ತದೆ. ದಿನಕ್ಕೆ ದಿನ. ನ್ಯಾಯವಾದ ಲೆಕ್ಕ. ಎಂಬಿಬಿಎಸ್‌ನಲ್ಲಿ ಈ ನ್ಯಾಯ ಇಲ್ಲ. ಅಲ್ಲಿ ಶಾರ್ಟೇಜ್ ಆದವರಿಗೆ ಪರೀಕ್ಷೆ ತಪ್ಪುತ್ತದೆ. ಪ್ರತ್ಯೇಕ ಸಪ್ಲಿಮೆಂಟರಿ ಬ್ಯಾಚುಗಳನ್ನು ನಡೆಸುವಂತಿಲ್ಲವಾದ್ದರಿಂದ ಹಿಂದುಳಿದವರು ಜೂನಿಯರ್ ಬ್ಯಾಚಿಗೆ ಸೇರಬೇಕು. ಹದಿನೈದು ದಿನಕ್ಕೆ ಒಂದು ವರ್ಷದ ದಂಡ. ಅಮೆರಿಕದಲ್ಲಿ ಪಿಜಿ ತರಬೇತಿಯನ್ನು ನಿಯಂತ್ರಿಸುವ ಎಸಿಜಿಎಂಇ 2022ರ ಜುಲೈಯಿಂದ ಪ್ರತಿ ರೆಸಿಡೆಂಟಿಗೂ ತರಬೇತಿಯ ಅವಧಿಯಲ್ಲಿ ಒಮ್ಮೆಯಾದರೂ ಆರು ವಾರದ ವೇತನಸಹಿತ ರಜೆ ಕೊಡಲೇಬೇಕೆಂದಿದೆ, ಸ್ವಂತ ಅನಾರೋಗ್ಯ, ಹೆರಿಗೆ, ಮನೆಯವರ ಆರೈಕೆ ಯಾವುದಕ್ಕಾದರೂ. ಅಲ್ಲಿಯೂ ಸಾವಿನ ನಂತರದ ರಜೆ ಆ ಪಟ್ಟಿಯ ಹೊರಗೇ ಉಳಿದಿದೆ. ಹಾಗಾಗಿ ಪರದೇಶದ ನಕಲು ಮಾಡಿದರೆ ನಮ್ಮ ಕೊರತೆ ತುಂಬುವುದಿಲ್ಲ.

ಶೋಕಕ್ಕೆ ರಜೆ ಕೊಡಬೇಕೆಂಬ ಮಾತಿಗೆ ಬರುವ ಆಕ್ಷೇಪಗಳಲ್ಲಿ ಒಂದು ನಿಜಕ್ಕೂ ಗಟ್ಟಿಯಾದದ್ದು. ಹೆರಿಗೆ ಮಾಡಿಸಲು, ಹೊಲಿಗೆ ಹಾಕಲು, ಉಸಿರು ನಿಂತವರನ್ನು ಉಳಿಸಲು ಕಲಿಯಬೇಕಾದವರು ವಾರ್ಡಿನಲ್ಲಿ ಇರಲೇಬೇಕು. ಹಾಜರಿ ಕಡಿಮೆಯಾದ ಡಾಕ್ಟರು ಎಂದರೆ ನಾಳೆ ಯಾವುದೋ ತಾಲ್ಲೂಕು ಆಸ್ಪತ್ರೆಯ ರೋಗಿಗೆ ಅಪಾಯ. ಒಪ್ಪುತ್ತೇನೆ. ಅದಕ್ಕೇ ಕಲಿಕೆಯನ್ನು ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ. 2019ರ ಪಠ್ಯಕ್ರಮವೇ ಸಾಮರ್ಥ್ಯ ಆಧಾರಿತ. ಯಾವ ಯಾವ ಕೌಶಲ ಬಂತು ಎಂದು ಲಾಗ್‌ಬುಕ್ಕಿನಲ್ಲಿ ಒಂದೊಂದಾಗಿ ಸಹಿ ಬೀಳುತ್ತದೆ. ಕೌಶಲವನ್ನೇ ಅಳೆಯುವ ವ್ಯವಸ್ಥೆ ಇರುವಾಗ, ತಪ್ಪಿದ ಕೌಶಲವನ್ನು ಭಾನುವಾರವೋ ರಜೆಯಲ್ಲೋ ಮಾಡಿಸಿ ಸಹಿ ಹಾಕಿಸಿಕೊಳ್ಳಬಹುದು. ಮಂಜೂರಾದ ಶೋಕದ ರಜೆಯ ದಿನಗಳನ್ನು ಒಟ್ಟು ದಿನಗಳಿಂದಲೇ ಕಳೆದು ಶೇಕಡಾವಾರು ಹಾಕಬಹುದು, ಲಾಗ್‌ಬುಕ್ ಮಾತ್ರ ಪೂರ್ತಿಯಾಗಬೇಕು. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ 2023ರಲ್ಲಿ ಮುಟ್ಟಿನ ಕಾರಣಕ್ಕೆ ವಿದ್ಯಾರ್ಥಿನಿಯರಿಗೆ ಶೇ. 2ರಷ್ಟು ಹಾಜರಿ ವಿನಾಯಿತಿ ಕೊಟ್ಟಿತು. ಶಿಕ್ಷಣದ ಗುಣಮಟ್ಟ ಕುಸಿಯದೆ ಅಂಕಗಣಿತ ಬದಲಿಸಬಹುದು ಎನ್ನುವುದಕ್ಕೆ ಅದು ಸಾಕಷ್ಟು ಸಾಕ್ಷಿ. ದುರುಪಯೋಗದ ಭಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಾವಿನ ದಾಖಲೆ ಗ್ರಾಮ ಪಂಚಾಯಿತಿಯಲ್ಲೇ ಸಿಗುತ್ತದೆ. ಸುಳ್ಳು ಟೈಫಾಯ್ಡಿಗಿಂತ ಅದು ಎಷ್ಟೋ ನಂಬಲರ್ಹ.

ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಸುಕದೇಬ್ ಸಾಹಾ ಪ್ರಕರಣದಲ್ಲಿ, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯ ಸಾವಿನ ಹಿನ್ನೆಲೆಯಲ್ಲಿ, ಮಾನಸಿಕ ಆರೋಗ್ಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು ಇರಬೇಕೆಂದು ಮಾರ್ಗಸೂಚಿ ಕೊಟ್ಟಿತು. ಸಂತೋಷ. ಆದರೆ ಸಮಾಲೋಚಕರ ನೇಮಕವೇ ಎಲ್ಲಕ್ಕೂ ಉತ್ತರವಾಗಿಬಿಡುವ ಅಪಾಯ ನನಗೆ ಕಾಣುತ್ತಿದೆ. ‘ಕೌನ್ಸೆಲರ್ ಹತ್ತಿರ ಹೋಗು’ ಎಂದು ಹೇಳಿ ಕಳಿಸಿದವರಿಗೆ ತಮ್ಮ ಹೊಣೆ ಮುಗಿಯಿತೆನಿಸುತ್ತದೆ. ರಜೆ ಮಂಜೂರು ಮಾಡುವ, ಪೋಸ್ಟಿಂಗ್ ಬದಲಿಸುವ, ಪರೀಕ್ಷೆಗೆ ಕೂರಿಸುವ ಅಧಿಕಾರ ಇಲ್ಲದ ಸಮಾಲೋಚಕರು ಕೇಳಿಸಿಕೊಳ್ಳಬಲ್ಲರು, ಅಷ್ಟೇ.

ಎಲ್ಲಕ್ಕಿಂತ ಕಡಿಮೆ ಯೋಚನೆ ನಡೆದಿರುವುದು ಮರಳಿ ಬರುವ ದಿನದ ಬಗ್ಗೆ. ಒಂದು ವರ್ಷ ತಪ್ಪಿದವಳು ಬಂದಾಗ ಅವಳ ಬ್ಯಾಚು ಮುಂದೆ ಹೋಗಿದೆ. ಹಾಜರಿ ಪಟ್ಟಿಯ ಕೊನೆಯಲ್ಲಿ ಹೊಸ ರೋಲ್ ನಂಬರು. ನಿನ್ನೆಯವರೆಗೆ ಅಕ್ಕ ಎನ್ನುತ್ತಿದ್ದವರ ಜೊತೆ ಬೆಂಚು. ಹಾಸ್ಟೆಲಿನ ರೂಮು ಬೇರೆಯವರಿಗೆ ಹೋಗಿದೆ. ಖಾಸಗಿ ಕಾಲೇಜಾದರೆ ಹೆಚ್ಚುವರಿ ವರ್ಷದ ಫೀಸಿನ ಮಾತು. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷಕ್ಕೆ ಶುರುವಾಗುತ್ತದೆ. ಕೋರ್ಸ್ ಉದ್ದವಾಯಿತೆಂದರೆ ಬ್ಯಾಂಕಿಗೆ ಅಲೆದು ಅವಧಿ ವಿಸ್ತರಿಸಿಕೊಳ್ಳಬೇಕು, ಅಷ್ಟೂ ಕಾಲ ಬಡ್ಡಿ ಏರುತ್ತಿರುತ್ತದೆ. ದುಡಿಯುವ ಅಪ್ಪನೇ ಹೋದ ಮನೆಯಲ್ಲಿ ಈ ಅಲೆದಾಟ ಯಾರು ಮಾಡಬೇಕು? ರಜೆಯ ಅರ್ಜಿಯ ಜೊತೆಗೇ ಮರಳುವಿಕೆಯ ಒಂದು ಪುಟ ಇರಬೇಕು: ಯಾವ ಪೋಸ್ಟಿಂಗ್‌ನಿಂದ ಶುರು, ತಪ್ಪಿದ್ದನ್ನು ಯಾವಾಗ ತುಂಬುವುದು, ಯಾವ ಬೋಧಕರು ಜೊತೆಗಿರುತ್ತಾರೆ, ಬ್ಯಾಂಕಿಗೆ ಕಾಲೇಜೇ ಪತ್ರ ಬರೆಯುತ್ತದೆಯೇ. ಹೋಗುವ ದಿನವೇ ಇದು ಕೈಯಲ್ಲಿದ್ದರೆ ಮನೆಯಲ್ಲಿ ಕಳೆಯುವ ದಿನಗಳಲ್ಲಿ ಮುಂದೇನು ಎಂಬ ಭಯ ದುಃಖದ ಮೇಲೆ ಕೂರುವುದಿಲ್ಲ.

ಮನೆ ಎಂದೆ. ರಜೆ ಎಂದರೆ ಮನೆಗೆ ಹೋಗುವುದೆಂದೇ ಎಲ್ಲರೂ ತಿಳಿದಿದ್ದಾರೆ. ಕೆಲವರಿಗೆ ಮನೆಯೇ ಸುರಕ್ಷಿತವಲ್ಲ. ತಾಯಿ ತೀರಿಕೊಂಡ ಮನೆಗೆ ಹೋದ ಹೆಣ್ಣುಮಗಳು ಮರುದಿನದಿಂದ ಅಡುಗೆಮನೆಯ ಹೊಣೆ ಹೊರುತ್ತಾಳೆ, ತಮ್ಮನ ಶಾಲೆ, ಅಪ್ಪನ ಮಾತ್ರೆ ಅವಳ ಪಾಲಿಗೆ ಬರುತ್ತವೆ. ವರ್ಷದೊಳಗೆ ಮನೆಯಲ್ಲಿ ಒಂದು ಶುಭಕಾರ್ಯ ಆಗಲಿ ಎಂದು ಹಿರಿಯರು ಗಂಡು ನೋಡಲು ಶುರುಮಾಡುವುದೂ ಉಂಟು. ಉದ್ದನೆಯ ರಜೆ ಹಾಕಿ ಹೋದವಳು ವಾಪಸ್ ಬರದೇ ಇರಬಹುದು. ಇಂಥವಳಿಗೆ ಬೇಕಾದದ್ದು ಕ್ಲಾಸಿನಿಂದ ಬಿಡುವು, ಕ್ಯಾಂಪಸ್‌ನಿಂದಲ್ಲ. ರಜೆಯಲ್ಲಿದ್ದರೂ ಹಾಸ್ಟೆಲಿನ ರೂಮು, ಮೆಸ್ಸಿನ ಊಟ, ಲೈಬ್ರರಿಯ ಕಾರ್ಡು ಅವಳದಾಗಿ ಉಳಿಯಬೇಕು, ಬೇಕೆನಿಸಿದ ದಿನ ತನ್ನದೇ ಬ್ಯಾಚಿನ ಜೊತೆ ರೌಂಡ್ಸ್‌ಗೆ ಹೋಗಿ ನಿಲ್ಲಲು ಬಿಡಬೇಕು. ಹಾಜರಿಯ ಶೇಕಡಾವಾರು ಬದಲಿಸಲು ದೆಹಲಿಯ ಒಪ್ಪಿಗೆ ಬೇಕು. ರೂಮು ಖಾಲಿ ಮಾಡಿಸಬೇಡಿ ಎಂಬ ತೀರ್ಮಾನವನ್ನು ಯಾವ ಕಾಲೇಜಿನ ಕೌನ್ಸಿಲ್ಲಾದರೂ ಮುಂದಿನ ಸಭೆಯಲ್ಲೇ ಮಾಡಬಹುದು.